ಮೂಡಿಗೆರೆಯಿಂದ ಕಳಸಕ್ಕೆ, ಆರು ಗಂಟೆಯೊಳಗೆ

ಏಳು ಗಂಟೆಗೆ ಶುರುವಾಗಬೇಕಿದ್ದ ಓಟ ಎಂಟೂಕಾಲಾದರೂ ಮೂಡಿಗೆರೆ ಬಸ್‌ಸ್ಟ್ಯಾಂಡ್ ಬಿಟ್ಟಿರಲಿಲ್ಲ. ಬೆಳೆಗಾರರ ಕ್ಲಬ್ಬಿನ ಅಧ್ಯಕ್ಷ ಪರಮೇಶ್ವರಪ್ಪನವರು ಮೈಕಿನ ಮುಂದೆ ನಿಂತು ಕಾಫಿ ರೇಟಿನಿಂದ ಹಿಡಿದು ಆನೆ ಕಾಟದವರೆಗೆ ಬಂದಿದ್ದರು. ಆಟಿಸಂ ಎಂಬ ಮಾತಿಗೆ ಇನ್ನೂ ಬಂದಿರಲಿಲ್ಲ. ಓಡಬೇಕಾದವಳು, ವಸಂತಮ್ಮನ ಮಗಳು ಸೌಂದರ್ಯ, ಅವರ ಹಿಂದೆ ನಿಂತು ಒಂದು ಕಾಲಿಂದ ಇನ್ನೊಂದು ಕಾಲಿಗೆ ಭಾರ ಬದಲಿಸುತ್ತಿದ್ದಳು.

"ಇವರು ಮುಗಿಸೋದ್ರೊಳಗೆ ನಾವು ಕಳಸಕ್ಕೆ ಹೋಗಿ ವಾಪಸ್ ಬರಬಹುದಿತ್ತಲ್ಲ ಅಕ್ಕ," ಎಂದ ಜೀಪಿನ ಸ್ಟೇರಿಂಗ್ ಹಿಡಿದು ಕೂತಿದ್ದ ದೇವರಾಜ. ಅವನು ವಸಂತಮ್ಮನ ತಮ್ಮ.

"ಸುಮ್ನಿರೋ. ಒಂದು ಲಕ್ಷ ಕೊಡೋ ಬಾಯಿ ಅದು. ಮಾತಾಡ್ಲಿ."

ಹಿಂದಿನ ಸೀಟಿನಲ್ಲಿ ನಂದನ್ ಇದ್ದ. ವಸಂತಮ್ಮನ ಮಗ, ಹತ್ತೊಂಬತ್ತು ವರ್ಷ, ಮಾತಿಲ್ಲ. ಜೀಪು ಓಡುತ್ತಿದ್ದರೆ ಅವನಷ್ಟು ಒಳ್ಳೆಯವನಿಲ್ಲ. ನಿಂತರೆ ಮುಂದಕ್ಕೆ ಬಗ್ಗಿ ಹಾರನ್ ಒತ್ತುತ್ತಾನೆ. ಈಗಲೂ ಒತ್ತಿದ. ಪರಮೇಶ್ವರಪ್ಪನವರು ಅದನ್ನು ಚಪ್ಪಾಳೆಯೆಂದು ತಿಳಿದು ಇನ್ನೂ ಹತ್ತು ನಿಮಿಷ ಮಾತಾಡಿದರು.

ಇಷ್ಟಕ್ಕೆಲ್ಲ ಕಾರಣ ಬೆಂಗಳೂರಿನ ಆಸ್ಪತ್ರೆಯ ಒಬ್ಬ ಡಾಕ್ಟರಮ್ಮ. ಮೂರು ವರ್ಷದ ಹಿಂದೆ, ಅಂದರೆ ಎರಡು ಸಾವಿರದ ನಾಲ್ಕರಲ್ಲಿ, ನಂದನ್‌ನ ತೊಂದರೆಗೆ ಮೊದಲ ಸಲ ಒಂದು ಹೆಸರು ಹೇಳಿದವರು ಅವರು. ಅಲ್ಲಿಯವರೆಗೆ ಮಂಕು, ಗಾಳಿ, ತಾಯಿಯ ಮುದ್ದು ಜಾಸ್ತಿ ಎಂದೆಲ್ಲ ಕೇಳಿಸಿಕೊಂಡಿದ್ದ ವಸಂತಮ್ಮ ಆಟಿಸಂ ಎಂಬ ಶಬ್ದವನ್ನು ಚೀಟಿಯಲ್ಲಿ ಬರೆಸಿಕೊಂಡು ಬಂದಿದ್ದಳು. "ನಿಮ್ಮ ಕಡೆ ಇಂಥ ಮಕ್ಕಳು ಎಷ್ಟಿದ್ದಾರೆ?" ಎಂದು ಅವರು ಕೇಳಿದಾಗ, "ನಮ್ಮನೇಲಿ ಒಬ್ಬ. ಬೇರೆ ಯಾರೂ ಇಲ್ಲ" ಎಂದಿದ್ದಳು. ಡಾಕ್ಟರಮ್ಮ ನಕ್ಕಿದ್ದರು. ಹಾಗಿರೋಕೆ ಸಾಧ್ಯವೇ ಇಲ್ಲ, ಯಾರೂ ಲೆಕ್ಕ ಹಿಡಿದಿಲ್ಲ ಅಷ್ಟೆ ಎಂದಿದ್ದರು. ಈಗ ಮೂಡಿಗೆರೆ ತಾಲ್ಲೂಕಿನಲ್ಲಿ ಒಂದು ವರ್ಷ ಮನೆಮನೆ ಸುತ್ತಿ ಸಂಶೋಧನೆ ಮಾಡಲು ಅವರು ತಯಾರಿದ್ದರು. ಅದಕ್ಕೆ ಬೇಕಾದ ಎರಡು ಲಕ್ಷ ಇರಲಿಲ್ಲ. ಈ ತಿಂಗಳು ಮುಗಿಯುವುದರೊಳಗೆ ಒದಗದಿದ್ದರೆ ಅವರು ಬೇರೆ ಜಿಲ್ಲೆಗೆ ಹೋಗುವವರಿದ್ದರು.

ಸೌಂದರ್ಯ ಮೂಡಿಗೆರೆಯ ಹೈಸ್ಕೂಲೊಂದರಲ್ಲಿ ಪಿ.ಟಿ. ಟೀಚರ್. ಕಾಲೇಜಿನಲ್ಲಿ ಗುಡ್ಡಗಾಡು ಓಟದಲ್ಲಿ ಕಪ್ಪು ತಂದವಳು. ಸುಮ್ಮನೆ ಕೈಯೊಡ್ಡಿದರೆ ಯಾರೂ ಕೊಡುವುದಿಲ್ಲ, ಏನಾದರೂ ಮಾಡಿ ತೋರಿಸಬೇಕು ಎಂದು ಅವಳ ಲೆಕ್ಕ. ಮೂಡಿಗೆರೆಯಿಂದ ಕಳಸಕ್ಕೆ ಹೆಚ್ಚುಕಮ್ಮಿ ಐವತ್ತೈದು ಕಿಲೋಮೀಟರ್, ಒಂದೇ ದಿನದಲ್ಲಿ ಓಡುತ್ತೇನೆ ಎಂದು ಕ್ಲಬ್ಬಿಗೆ ಹೋಗಿ ಹೇಳಿದಳು. ಇಸ್ಪೀಟು ಆಡುತ್ತಿದ್ದವರು ತಲೆ ಎತ್ತಿದರು.

"ಬಸ್ಸೇ ಎರಡು ಸಲ ಕೆಟ್ಟು ನಿಲ್ಲುತ್ತೆ ಆ ರೋಡಲ್ಲಿ," ಎಂದರು ಪರಮೇಶ್ವರಪ್ಪ. "ಆರು ಗಂಟೆ ಒಳಗೆ ಕಳಸ ಬಸ್‌ಸ್ಟ್ಯಾಂಡ್ ಮುಟ್ಟು, ಒಂದು ಲಕ್ಷ ಕೊಡ್ತೀನಿ. ಆರು ಗಂಟೆ ಒಂದು ನಿಮಿಷ ಆಯ್ತೋ, ಒಂದು ರೂಪಾಯಿ ಇಲ್ಲ. ಎಲ್ಲರ ಮುಂದೆ ಹೇಳ್ತಿದ್ದೀನಿ."

ದಾರಿಯ ಮನೆಗಳವರು ಐನೂರು, ಸಾವಿರ, ಪೇಟೆಯ ಅಂಗಡಿಯವರು, ಸ್ಕೂಲಿನವರು ಅದಕ್ಕೂ ಹೆಚ್ಚು ಮೊದಲೇ ಕೊಟ್ಟಿದ್ದರು. ಅದೆಲ್ಲ ಸೇರಿ ಅರ್ಧವಾಗಿತ್ತು. ಇನ್ನರ್ಧ ಪರಮೇಶ್ವರಪ್ಪನವರ ಬಾಯಲ್ಲಿತ್ತು.

ಎಂಟೂವರೆಗೆ ಹಸಿರು ಬಾವುಟ ಬೀಸಿದರು. ಸೌಂದರ್ಯ ಬಿಟ್ಟ ಬಾಣದ ಹಾಗೆ ಹೋದಳು. ಈ ಓಟಕ್ಕೆ ಮೊದಲು ಬೇಡವೆಂದವಳೇ ವಸಂತಮ್ಮ. ಈಗ ಕಿಟಕಿಯಿಂದ ಅರ್ಧ ಹೊರಗೆ ಬಗ್ಗಿ, "ನಿಧಾನ ಕಣೇ, ಇನ್ನೂ ದೂರ ಇದೆ!" ಎಂದು ಕೂಗುತ್ತಿದ್ದಳು.

ತೊಂದರೆ ಶುರುವಾಗಿದ್ದು ಊರು ದಾಟಿ ಎರಡೇ ಮೈಲಿಗೆ. ರಾಮಮ್ಮ ಎಂಬ ಮುದುಕಿ ಗೇಟಿನಲ್ಲಿ ಕಾಯುತ್ತಿದ್ದಳು, ಕೈಯಲ್ಲಿ ಕಾಫಿ ಲೋಟ. ದೀಪಾವಳಿ ಮುಗಿದು ಎರಡೇ ದಿನವಾಗಿತ್ತು, ಎಲ್ಲರ ಮನೆಯಲ್ಲೂ ಕಜ್ಜಾಯದ ಡಬ್ಬ ತುಂಬಿತ್ತು.

"ಬಾರೇ ಒಳಗೆ. ಒಂದು ಗುಟುಕು ಕುಡಿದು ಹೋಗು."

"ಅಜ್ಜಿ, ಟೈಮಿಲ್ಲ."

"ಸಾವಿರ ರೂಪಾಯಿ ಕೊಟ್ಟವಳ ಮನೆ ಒಳಗೆ ಕಾಲಿಡೋಕೆ ಟೈಮಿಲ್ವಾ? ದುಡ್ಡು ಬೇಕಿತ್ತು, ಮನೆ ಬೇಡವಾಯ್ತಾ?"

ಈ ಮಾತಿಗೆ ಉತ್ತರ ಕೊಟ್ಟು ಮುಂದೆ ಹೋಗುವವರು ಈ ಸೀಮೆಯಲ್ಲಿ ಇನ್ನೂ ಹುಟ್ಟಿಲ್ಲ. ಸೌಂದರ್ಯ ಒಳಗೆ ಹೋದಳು. ಹದಿನೈದು ನಿಮಿಷ. ಮುಂದಿನ ಮನೆಯಲ್ಲಿ ಅಕ್ಕಿ ರೊಟ್ಟಿ, ಇಪ್ಪತ್ತು ನಿಮಿಷ. ಅದರ ಮುಂದಿನ ಮನೆಯಲ್ಲಿ ಕಜ್ಜಾಯ, ಮತ್ತೆ ಕಾಫಿ, ಜೊತೆಗೆ ದೇವರ ಮನೆಯಲ್ಲಿ ಕುಂಕುಮ. ದುಡ್ಡು ಕೇಳಲು ಹೋದಾಗ ದಾರಿಯಲ್ಲಿ ನಿಲ್ಲುವುದಿಲ್ಲ ಎಂದು ಹೇಳಬೇಕೆಂದು ಯಾರಿಗೂ ಹೊಳೆದಿರಲಿಲ್ಲ. ಹೇಳಿದ್ದರೂ ಯಾರೂ ಕೇಳುತ್ತಿರಲಿಲ್ಲ, ಆ ಮಾತು ಬೇರೆ.

ಕೊಟ್ಟಿಗೆಹಾರ ಮುಟ್ಟುವಾಗ ಹನ್ನೆರಡಾಗಿತ್ತು. ಅಂಗಡಿ ಸಾಲಿನ ಹಿಂದೆ ಹೋಗಿ ಸೌಂದರ್ಯ ತಿಂದಿದ್ದನ್ನೆಲ್ಲ ಕಕ್ಕಿ ಬಂದಳು. ಮುಖ ಬಿಳುಚಿತ್ತು. ದೇವರಾಜ ಸಿಗರೇಟು ಪ್ಯಾಕಿನ ಮೇಲೆ ಲೆಕ್ಕ ಹಾಕಿದ.

"ಹದಿನೆಂಟು ಕಿಲೋಮೀಟರಿಗೆ ಮೂರೂವರೆ ಗಂಟೆ. ಹೀಗೇ ಆದ್ರೆ ರಾತ್ರಿ ಊಟಕ್ಕೆ ಕಳಸ."

"ಮುಂದೆ ಎಷ್ಟು ಮನೆ ಇದಾವೆ ಮಾವ?"

"ದುಡ್ಡು ಕೊಟ್ಟವರು ಇನ್ನೂ ಹನ್ನೆರಡು. ಪರಮೇಶ್ವರಪ್ಪನವರಿಗೆ ಇದೆಲ್ಲ ಮೊದಲೇ ಗೊತ್ತಿತ್ತು ಅಂತ ಕಾಣುತ್ತೆ ಮಾರಾಯ್ತಿ. ಅದಕ್ಕೇ ಲಕ್ಷ ಅಂದಿದ್ದು."

ಸೌಂದರ್ಯ ರಸ್ತೆಯ ಪಕ್ಕ ಕುಕ್ಕರಿಸಿದಳು. ಅಳುತ್ತಿರಲಿಲ್ಲ, ಸಿಟ್ಟು ಬಂದಿತ್ತು. "ಹನ್ನೆರಡು ಮನೇಲಿ ತಿಂದ್ರೆ ನಾನು ಸಾಯ್ತೀನಿ. ತಿನ್ನದಿದ್ರೆ ಇವರು ನಮ್ಮನ್ನ ಸಾಯಿಸ್ತಾರೆ."

ವಸಂತಮ್ಮ ಜೀಪಿನಿಂದ ಇಳಿದಳು. ಸೆರಗು ಸೊಂಟಕ್ಕೆ ಸಿಕ್ಕಿಸಿದಳು.

"ನೀನು ಓಡು. ಎಲ್ಲೂ ನಿಲ್ಲಬೇಡ. ಮನೆಗಳಿಗೆ ನಾನು ಹೋಗ್ತೀನಿ."

"ನೀನಾ?"

"ಯಾಕೆ, ನನಗೆ ಬಾಯಿಲ್ವಾ? ಮಗಳ ಬದಲು ತಾಯಿ ಬಂದಳು ಅಂದ್ರೆ ಯಾರೂ ಬೇಡ ಅನ್ನಲ್ಲ. ನಾವು ತಿಂದು, ಜೀಪಲ್ಲಿ ಬಂದು ನಿನ್ನ ಹಿಡಿತೀವಿ."

"ನಂದನ್?"

"ಅವನೂ ಬರ್ತಾನೆ. ಬಿಟ್ಟು ಹೋದ್ರೆ ಹಾರನ್ ಒತ್ತಿ ಒತ್ತಿ ಬ್ಯಾಟರಿ ಇಳಿಸ್ತಾನೆ."

ಮಗಳು ತಾಯಿಯ ಮುಖ ನೋಡಿದಳು, ಬಾಟಲಿಗೆ ನೀರು ತುಂಬಿಸಿಕೊಂಡು ಓಡಿದಳು. ಹೇಳದೆ ಬಿಟ್ಟಿದ್ದು ವಸಂತಮ್ಮನಿಗೆ ಗೊತ್ತಿತ್ತು. ಅವಳು ಬೇರೆಯವರ ಮನೆಯ ಹೊಸಿಲು ತುಳಿದು ಹದಿಮೂರು ವರ್ಷವಾಗಿತ್ತು. ಜಾವಳಿಯಲ್ಲಿ ಅವಳ ದೊಡ್ಡಮ್ಮನ ಮಗಳು ಕೃಷ್ಣಮ್ಮನ ಮನೆ. ಆ ಮನೆಯ ಮಗನ ನಿಶ್ಚಿತಾರ್ಥದ ದಿನ ಆರು ವರ್ಷದ ನಂದನ್, ಬಡಿಸಿಟ್ಟ ಎಲೆಗಳ ಸಾಲಿನ ಈ ತುದಿಯಿಂದ ಆ ತುದಿಯವರೆಗೆ, ಒಂದೂ ಬಿಡದೆ, ಎಲೆಗೊಂದು ಹೆಜ್ಜೆ ಇಟ್ಟು ನಡೆದಿದ್ದ. ಮೂವತ್ತೆರಡು ಎಲೆ. "ಇನ್ನು ಮೇಲೆ ಬರೋದಾದ್ರೆ ಒಬ್ಬಳೇ ಬಾ," ಎಂದಿದ್ದಳು ಕೃಷ್ಣಮ್ಮ. ವಸಂತಮ್ಮ ಅಲ್ಲಿಗೂ ಹೋಗಲಿಲ್ಲ, ಬೇರೆಲ್ಲಿಗೂ ಹೋಗಲಿಲ್ಲ. ಆರು ವರ್ಷದ ಹಿಂದೆ ಗಂಡ ತೀರಿಕೊಂಡಾಗ ಜನ ಅವಳ ಮನೆಗೆ ಬಂದರು, ಅವಳು ತಿರುಗಿ ಯಾರ ಮನೆಗೂ ಹೋಗಲಿಲ್ಲ.

ಹನ್ನೆರಡು ಮನೆಯ ಪಟ್ಟಿಯಲ್ಲಿ ಕೃಷ್ಣಮ್ಮನದೂ ಇತ್ತು.

ಮೊದಲ ಮನೆ ಬೊಮ್ಮಯ್ಯನದು. ರಸ್ತೆಯಿಂದ ಅರ್ಧ ಫರ್ಲಾಂಗು ಮೇಲೆ. ವಸಂತಮ್ಮ ನಂದನ್‌ನ ಕೈ ಗಟ್ಟಿಯಾಗಿ ಹಿಡಿದು ಜಗಲಿ ಹತ್ತಿದಳು. ಅವನು ಕೈ ಬಿಡಿಸಿಕೊಂಡು ಕುಕ್ಕರಗಾಲಲ್ಲಿ ಕೂತು, ಹಬ್ಬಕ್ಕೆ ಬಂದ ನೆಂಟರ ಚಪ್ಪಲಿಗಳನ್ನೆಲ್ಲ ಜೊತೆಜೊತೆಯಾಗಿ, ಗೋಡೆಗೆ ನೇರವಾಗಿ ಜೋಡಿಸತೊಡಗಿದ. ಅವಳು ಬೈಗುಳಕ್ಕೆ ತಯಾರಾಗಿ ನಿಂತಳು.

"ಒಳ್ಳೇದಾಯ್ತು," ಎಂದ ಬೊಮ್ಮಯ್ಯ. "ನಮ್ಮನೆ ಹುಡುಗರಿಗೆ ಎಷ್ಟು ಹೇಳಿದ್ರೂ ಎಸೆದು ಹೋಗ್ತಾರೆ. ಕೂತ್ಕಳಿ ವಸಂತಮ್ಮ. ಕಡುಬು ಬಿಸಿ ಇದೆ, ಕೋಳಿ ಸಾರು."

ಎರಡು ಕಡುಬು. ಎಂಟು ನಿಮಿಷ. ಹೊರಟೆವು ಎಂದಾಗ ಮನೆಯವಳು, "ಇಷ್ಟೇನಾ?" ಎಂದಳು. ಇನ್ನೊಂದು ಕಡುಬು.

ಆಮೇಲೆ ಅದೇ ಒಂದು ಓಟವಾಯಿತು. ಜೀಪು ಗೇಟು ಹೊಕ್ಕು ಏರು ಹತ್ತುವುದು, ವಸಂತಮ್ಮ ಎಂಜಿನ್ ನಿಲ್ಲುವ ಮೊದಲೇ ಇಳಿಯುವುದು, "ಸೌಂದರ್ಯ ಮುಂದೆ ಹೋದಳು, ಅವಳ ಪಾಲಿಂದು ನನಗೆ ಹಾಕಿ" ಎನ್ನುವುದು. ದೇವರಾಜ ಮೂರನೇ ಮನೆಗೇ ಸೋತ, ಹೊಟ್ಟೆ ಸರಿಯಿಲ್ಲ ಎಂದು ಸುಳ್ಳು ಹೇಳಿ ಜೀಪಿನಲ್ಲೇ ಕೂತ. ಒಂದು ಮನೆಯಲ್ಲಿ ನಂದನ್ ಗೋಡೆಯ ಮೇಲಿದ್ದ ಅಷ್ಟೂ ಫೋಟೋಗಳನ್ನು ಸರಿಮಾಡಿದ, ಒಂದರ ಗಾಜು ಒಡೆಯಿತು. ವಸಂತಮ್ಮ ಕೈ ಮುಗಿದಳು. "ನಮ್ಮ ಮಾವನದು ಅದು," ಎಂದಳು ಮನೆಯ ಸೊಸೆ, ತಗ್ಗಿದ ದನಿಯಲ್ಲಿ. "ಒಡೆದ್ರೆ ಒಡೀಲಿ ಬಿಡಿ."

ಪ್ರತಿ ಮನೆ ಮುಗಿಸಿ ಬರುವಾಗಲೂ ಸೌಂದರ್ಯ ಇನ್ನಷ್ಟು ಮುಂದೆ ಸಿಗುತ್ತಿದ್ದಳು. ಅವಳ ಕಾಲು ಒಂದೇ ಲಯಕ್ಕೆ ಬಂದಿತ್ತು. ಜೀಪು ಪಕ್ಕಕ್ಕೆ ಬಂದರೆ ತಲೆ ತಿರುಗಿಸದೆ ಕೇಳುತ್ತಿದ್ದಳು:

"ಎಷ್ಟನೇದು?"

"ಆರನೇ ಮನೆ. ಹದಿನಾಲ್ಕು ಕಡುಬು!" ಎನ್ನುತ್ತಿದ್ದ ದೇವರಾಜ. "ನಿಮ್ಮಮ್ಮನಿಗೂ ಒಂದು ಕಪ್ಪು ಕೊಡಿಸಬೇಕು."

"ನಗಿಸಬೇಡ ಮಾವ, ಪಕ್ಕೆ ಹಿಡಿಯುತ್ತೆ!"

ವಸಂತಮ್ಮನಿಗೆ ಗಂಟಲವರೆಗೆ ತುಂಬಿತ್ತು. ಆದರೂ ಇಷ್ಟು ಹುಮ್ಮಸ್ಸು ಎಷ್ಟೋ ವರ್ಷದಿಂದ ಬಂದಿರಲಿಲ್ಲ.

ಜಾವಳಿಗೆ ಮೂರು ಗಂಟೆಗೆ ಬಂದರು. ಸೌಂದರ್ಯ ಬಾಟಲಿ ಬದಲಿಸಿಕೊಂಡು ಮುಂದೆ ಹೋದಳು. ಕೃಷ್ಣಮ್ಮ ಗೇಟಿನಲ್ಲಿರಲಿಲ್ಲ. ಮನೆಯ ಮುಂದಿನ ಕಣದಲ್ಲಿ ಮೊದಲ ಕೊಯ್ಲಿನ ಕಾಫಿ ಒಣಗಲು ಹರವಿತ್ತು. ಕೃಷ್ಣಮ್ಮ ಜಗಲಿಯ ಕಂಬ ಹಿಡಿದು ನಿಂತಿದ್ದಳು. ಹದಿಮೂರು ವರ್ಷದಲ್ಲಿ ದಪ್ಪವಾಗಿದ್ದಳು.

"ಒಬ್ಬಳೇ ಬಂದಿಲ್ಲ ಕೃಷ್ಣಕ್ಕ," ಎಂದಳು ವಸಂತಮ್ಮ. ಮೊದಲೇ ಹೇಳಿಬಿಡುವುದು ಒಳ್ಳೆಯದು.

"ಕಾಣ್ತಿದೆ."

ನಂದನ್ ಆಗಲೇ ಕಣಕ್ಕೆ ಇಳಿದಿದ್ದ. ಚಪ್ಪಲಿ ಬಿಟ್ಟು, ಎರಡೂ ಪಾದ ಎಳೆಯುತ್ತ, ಕಾಫಿಯ ನಡುವೆ ಈ ಅಂಚಿನಿಂದ ಆ ಅಂಚಿಗೆ ನೇರ ಗೆರೆ ಎಳೆದ. ತಿರುಗಿ ಅದರ ಪಕ್ಕದಲ್ಲೇ ಇನ್ನೊಂದು ಎಳೆದ. ವಸಂತಮ್ಮ ಓಡಿಹೋಗಿ ಎಳೆದುಕೊಳ್ಳಲು ಹೆಜ್ಜೆ ಎತ್ತಿದಳು.

"ಬಿಡು," ಎಂದಳು ಕೃಷ್ಣಮ್ಮ. "ಒಣಗೋ ಕಾಫಿ ತಿರುವೋಕೆ ಆಳುಗಳು ಮಾಡೋದೂ ಅದನ್ನೇ. ಅವರದ್ದು ಇಷ್ಟು ನೇರ ಬರಲ್ಲ."

ಒಳಗೆ ಎಲೆ ಹಾಕಿದ್ದಳು. ಕಡುಬು ಬಡಿಸಿದಳು, ಸಾರು ಹಾಕಿದಳು, ಎದುರಿಗೆ ಕೂತಳು. ಐದು ನಿಮಿಷವಾಯಿತು, ಹತ್ತಾಯಿತು. ಹೊರಗೆ ದೇವರಾಜ ಕೆಮ್ಮಿದ. ವಸಂತಮ್ಮ ಏಳಬೇಕೆನ್ನುವಾಗ ಕೃಷ್ಣಮ್ಮ, "ಸ್ವಲ್ಪ ಕೂರು" ಎಂದು ಒಳಕೋಣೆಗೆ ಹೋಗಿ ಒಂದು ಹೆಣ್ಣುಮಗುವನ್ನು ಸೊಂಟದ ಮೇಲೆ ಹೊತ್ತು ತಂದಳು. ಐದು ವರ್ಷವಿರಬಹುದು. ಹೊತ್ತುಕೊಳ್ಳುವ ವಯಸ್ಸಲ್ಲ.

"ಮಗನ ಮಗಳು. ದಿವ್ಯಾ ಅಂತ. ಕರೆದ್ರೆ ತಿರುಗಲ್ಲ. ಕಿವಿ ಸರಿ ಇದೆ ಅಂತಾರೆ. ಫ್ಯಾನು ತಿರುಗಿದ್ರೆ ಇಡೀ ದಿನ ನೋಡ್ತಾಳೆ." ಕೃಷ್ಣಮ್ಮ ಮಗುವನ್ನು ವಸಂತಮ್ಮನ ಮುಂದೆ ಇಳಿಸಿದಳು. "ನೀನು ನೋಡು. ನಿನಗೆ ಗೊತ್ತಾಗುತ್ತಲ್ಲ."

ವಸಂತಮ್ಮನಿಗೆ ಮೊದಲು ಆಗಿದ್ದು ಸಂತೋಷ. ಬೇಕಿತ್ತು ನಿನಗೆ, ಎಂದುಕೊಂಡಳು. ಮಗು ಅವಳ ಬಳೆಗಳನ್ನು ಒಂದೊಂದಾಗಿ ತಿರುಗಿಸಿ ನೋಡತೊಡಗಿದ ಮೇಲೆ ಆ ಸಂತೋಷ ನಿಲ್ಲಲಿಲ್ಲ. ನಂದನ್ ಚಿಕ್ಕವನಿದ್ದಾಗ ಹೀಗೇ ತಿರುಗಿಸುತ್ತಿದ್ದ.

"ಡಾಕ್ಟರ್ ಹತ್ತಿರ ಹೋಗಿದ್ರಾ?"

"ಯಾವ ಡಾಕ್ಟರು? ಮಾತು ತಡವಾಗಿ ಬರುತ್ತೆ ಅಂತಾರೆ. ನೀವು ದುಡ್ಡು ಎತ್ತುತ್ತಿದ್ದೀರಲ್ಲ, ಅದರಲ್ಲಿ ಔಷಧಿ ಕೊಡ್ತಾರಾ?"

"ಇಲ್ಲ."

"ಮತ್ತೆ?"

"ಮನೆಮನೆಗೆ ಬರ್ತಾರೆ. ಎಷ್ಟು ಮಕ್ಕಳಿದ್ದಾರೆ, ಯಾವ ವಯಸ್ಸಲ್ಲಿ ಗೊತ್ತಾಯ್ತು, ಏನು ಕಲಿಸಿದ್ರೆ ಕಲಿತಾರೆ, ಎಲ್ಲ ಬರಕೊಳ್ತಾರೆ. ನನ್ನ ಮಗನಿಗೆ ಹದಿನಾರು ವರ್ಷಕ್ಕೆ ಗೊತ್ತಾಯ್ತು ಕೃಷ್ಣಕ್ಕ. ಇವಳಿಗೆ ಐದಕ್ಕೇ ಗೊತ್ತಾಗುತ್ತೆ. ಅಷ್ಟೇ. ಅದಕ್ಕಿಂತ ಹೆಚ್ಚು ಹೇಳಿದ್ರೆ ಸುಳ್ಳು ಹೇಳಿದ ಹಾಗೆ."

ಕೃಷ್ಣಮ್ಮ ಒಂದೇ ಸಮನೆ ಕೇಳತೊಡಗಿದಳು. ರಾತ್ರಿ ಮಲಗದಿದ್ದರೆ ಏನು ಮಾಡಬೇಕು, ಕೂದಲು ಬಾಚಲು ಬಿಡದಿದ್ದರೆ, ಒಂದೇ ತಿಂಡಿ ತಿನ್ನುತ್ತಿದ್ದರೆ. ವಸಂತಮ್ಮ ತನಗೆ ಗೊತ್ತಿದ್ದನ್ನು ಹೇಳಿದಳು. ಇದನ್ನೆಲ್ಲ ಇವತ್ತಿನವರೆಗೆ ಯಾರೂ ಅವಳನ್ನು ಕೇಳಿರಲಿಲ್ಲ. ಹೇಳುತ್ತ ಹೇಳುತ್ತ ಓಟ, ಕಳಸ, ಲಕ್ಷ ಎಲ್ಲ ಮರೆತುಹೋಯಿತು.

ಹಾರನ್ ಕೂಗಿತು. ನಂದನ್ ಕಣ ಪೂರ್ತಿ ಮುಗಿಸಿ ಜೀಪಿಗೆ ಹೋಗಿದ್ದ. ಗೋಡೆಯ ಗಡಿಯಾರ ನೋಡಿ ವಸಂತಮ್ಮ ಎಂಜಲು ಕೈಯಲ್ಲೇ ಎದ್ದಳು. ನಾಲ್ಕೂಕಾಲು.

"ಅಯ್ಯೋ, ನೀರೆಲ್ಲ ಜೀಪಲ್ಲಿದೆ!"

ಕೃಷ್ಣಮ್ಮ ಹಿಂದೆಯೇ ಓಡಿಬಂದು ಒಂದು ಉಪ್ಪಿನಕಾಯಿ ಬಾಟಲಿಯನ್ನು ಕಿಟಕಿಯಿಂದ ತೂರಿದಳು. ಜೀಪು ಆಗಲೇ ಹೊರಟಿತ್ತು.

ದೇವರಾಜ ತಿರುವುಗಳಲ್ಲಿ ಬ್ರೇಕನ್ನೇ ಮುಟ್ಟಲಿಲ್ಲ. ನಂದನ್‌ಗೆ ಖುಷಿಯೋ ಖುಷಿ, ಹಿಂದೆ ಕೂತು ಕೈ ಬಡಿಯುತ್ತಿದ್ದ. ಉಳಿದ ಮನೆಗಳ ಗೇಟಿನಲ್ಲಿ ಜನ ಕೈ ಅಡ್ಡ ಹಾಕಿದರು. ವಸಂತಮ್ಮ ಕಿಟಕಿಯಿಂದ, "ವಾಪಸ್ ಬರುವಾಗ! ಊಟಕ್ಕೇ ಬರ್ತೀವಿ!" ಎಂದು ಕೂಗುತ್ತ ಹೋದಳು. ಹೀಗೆ ಹೇಳಿದರೂ ಆಗುತ್ತದೆಂದು ಬೆಳಿಗ್ಗೆ ಯಾಕೆ ಹೊಳೆಯಲಿಲ್ಲವೋ.

ಸೌಂದರ್ಯ ಸಿಕ್ಕಿದಾಗ ನಾಲ್ಕು ಮುಕ್ಕಾಲು. ಕಳಸಕ್ಕೆ ಇನ್ನೂ ಒಂಬತ್ತು ಕಿಲೋಮೀಟರ್. ಅವಳು ಓಡುತ್ತಿರಲಿಲ್ಲ. ಒಂದು ಮರ ಹಿಡಿದು, ಎಡಗಾಲನ್ನು ನೆಲಕ್ಕೆ ಊರಲಾರದೆ ನಿಂತಿದ್ದಳು.

"ಎಲ್ಲಿ ಹಾಳಾಗಿ ಹೋಗಿದ್ರಿ?" ಎಂದು ಕಿರುಚಿದಳು. "ನೀರಿಲ್ಲ! ಒಂದು ಗಂಟೆಯಿಂದ ನೀರಿಲ್ಲ!"

ವಸಂತಮ್ಮ ಇಳಿದು ಓಡಿದಳು. ತಪ್ಪು ತನ್ನದೇ. ಮಗಳನ್ನು ಕಲ್ಲಿನ ಮೇಲೆ ಕೂರಿಸಿ, ನೀರು ಕುಡಿಸಿ, ಮೀನಖಂಡ ಹಿಡಿದು ತಿಕ್ಕಿದಳು. ಸೌಂದರ್ಯ ಅಮ್ಮಾ ಎಂದು ಚೀರಿದಳು. ಇನ್ನೂ ಜೋರಾಗಿ ತಿಕ್ಕಿದಳು. ದೇವರಾಜ ಉಪ್ಪಿನಕಾಯಿ ಬಾಟಲಿ ಬಿಚ್ಚಿದ. "ಉಪ್ಪು ಹೋದ್ರೆ ಹೀಗೆ ಹಿಡಿಯುತ್ತೆ, ನೀನೇ ಹೇಳಿದ್ದಲ್ವಾ?" ಅವಳು ಎರಡು ಹೋಳು ಬಾಯಿಗೆ ಹಾಕಿಕೊಂಡು, ರಸವನ್ನೂ ಕುಡಿದು, ಮುಖ ಕಿವುಚಿದಳು.

"ಆಗಲ್ಲ ಅಮ್ಮ. ಒಂದು ಗಂಟೆ ಹತ್ತು ನಿಮಿಷದಲ್ಲಿ ಒಂಬತ್ತು ಆಗಲ್ಲ."

"ಎದ್ದು ನೋಡು."

ಎದ್ದಳು. ಕುಂಟುತ್ತ ನಡೆದಳು. ನೂರು ಹೆಜ್ಜೆಯ ಮೇಲೆ ಕುಂಟು ಕಡಿಮೆಯಾಯಿತು. ಇಳಿಜಾರು ಬಂತು, ಕಾಲು ತಾನಾಗಿ ಓಡಿತು. ಜೀಪು ಈಗ ಅವಳ ಬೆನ್ನು ಬಿಡಲಿಲ್ಲ. ಐದು ಕಿಲೋಮೀಟರ್ ಉಳಿದಾಗ ಐದು ಇಪ್ಪತ್ತು. ಮೂರು ಉಳಿದಾಗ ಐದು ಮೂವತ್ತೇಳು. ಎದುರು ಬಂದ ಬಸ್ಸಿನವನು ನಿಲ್ಲಿಸಿ, "ಬಸ್‌ಸ್ಟ್ಯಾಂಡಲ್ಲಿ ಜನ ಸೇರಿದ್ದಾರೆ, ಹೋಗಿ ಹೋಗಿ!" ಎಂದು ಕೂಗಿದ.

ಊರಿನ ಮೊದಲ ಮನೆಗಳು ಕಾಣುವಲ್ಲಿ ಕೊನೆಯ ಏರು. ಅರ್ಧ ಏರಿಗೆ ಸೌಂದರ್ಯ ನಿಂತುಬಿಟ್ಟಳು. ಮಂಡಿಗೆ ಕೈಯೂರಿ ಬಗ್ಗಿದಳು. ಐದು ಐವತ್ತೊಂದು.

ವಸಂತಮ್ಮ ಓಡುವ ಜೀಪಿನಿಂದಲೇ ಧುಮುಕಿದಳು. ಹೊಟ್ಟೆಯಲ್ಲಿ ಏಳು ಮನೆಯ ಕಡುಬು ಕುಲುಕಿತು. ಮಗಳ ಪಕ್ಕಕ್ಕೆ ಹೋಗಿ, ಜೀವಮಾನದಲ್ಲಿ ಎಂದೂ ಕೂಗದ ಹಾಗೆ ಕೂಗಿದಳು:

"ಓಡೇ! ಹದಿನೇಳು ಕಡುಬು ತಿಂದಿದ್ದೀನಿ ನಾನು! ನೀನು ಇಲ್ಲಿ ನಿಂತು ಗಾಳಿ ಕುಡಿಯೋಕಾ?"

ನಂದನ್ ಜೀಪಿನಲ್ಲಿ ಕಿವಿ ಮುಚ್ಚಿಕೊಂಡ. ಸೌಂದರ್ಯ ತಲೆ ಎತ್ತಿದಳು, ನಗು ಬಂತು, ಬೈದಳು ಕೂಡ, ಓಡಿದಳು. ವಸಂತಮ್ಮ ಸೀರೆ ಎತ್ತಿ ಹಿಡಿದು ಪಕ್ಕದಲ್ಲೇ ಇಪ್ಪತ್ತು ಮಾರು ಓಡಿ, ಉಸಿರು ಸಿಕ್ಕದೆ ಜೀಪಿಗೆ ಹತ್ತಿದಳು. ಏರು ಮುಗಿಯಿತು. ಅಂಗಡಿಗಳು ಬಂದವು. ಜನ ಎರಡೂ ಕಡೆ.

ಬಸ್‌ಸ್ಟ್ಯಾಂಡಿನ ನಡುವೆ, ಕಾರಿನಲ್ಲಿ ಮೊದಲೇ ಬಂದಿದ್ದ ಪರಮೇಶ್ವರಪ್ಪನವರು ಕೈಗಡಿಯಾರ ಕಣ್ಣಿಗೆ ಹಿಡಿದು ನಿಂತಿದ್ದರು. ಅವಳು ತಿರುವಿನಲ್ಲಿ ಕಂಡದ್ದೇ ಅವರಿಗೆ ಏನಾಯಿತೋ, ಅದು ತಮ್ಮದೇ ಲಕ್ಷ ಎಂಬುದನ್ನು ಮರೆತು ಕುಣಿಯತೊಡಗಿದರು. "ಬಾ ಮಗಳೇ, ಬಾ, ಬಾ! ಇನ್ನೂ ಎರಡು ನಿಮಿಷ ಇದೆ! ದಾರಿ ಬಿಡ್ರೋ, ಆ ಆಟೋ ತೆಗೀರೋ!" ತಾವೇ ಹೋಗಿ ಆಟೋವನ್ನು ನೂಕಿದರು.

ಸೌಂದರ್ಯ ಅವರ ಮೇಲೆಯೇ ಬಂದು ಬಿದ್ದಳು. ಇಬ್ಬರೂ ನೆಲಕ್ಕೆ ಕೂತರು. ಐದು ಐವತ್ತೊಂಬತ್ತು ಎಂದು ಅಲ್ಲಿದ್ದ ಮೂವತ್ತು ಜನ ಮೂವತ್ತು ಗಡಿಯಾರ ನೋಡಿ ಕೂಗಿದರು.

ಪರಮೇಶ್ವರಪ್ಪನವರು ಧೂಳು ಕೊಡವಿಕೊಂಡು ಎದ್ದಾಗ ಎದುರಿಗೆ ವಸಂತಮ್ಮ ನಿಂತಿದ್ದಳು. ಒಂದು ಕೈಯಲ್ಲಿ ನಂದನ್‌ನ ಕೈ.

"ಚೆಕ್ ಪುಸ್ತಕ ತಂದಿದ್ದೀರಾ?"

"ಈಗಲೇನಾ? ಸ್ವಲ್ಪ ಉಸಿರಾಡಮ್ಮ."

"ಆಸ್ಪತ್ರೆ ಹೆಸರಿಗೆ ಬರೀರಿ. ಸ್ಪೆಲ್ಲಿಂಗು ನಾನು ಹೇಳ್ತೀನಿ."

ಜೇಬು ತಡಕಿದರು, ಪೆನ್ನಿರಲಿಲ್ಲ. ಯಾರೋ ಕಂಡಕ್ಟರು ಕಿವಿಯ ಮೇಲಿನದನ್ನು ತೆಗೆದು ಕೊಟ್ಟ. ಬಿಸಿಬಿಸಿ ಜೀಪಿನ ಬಾನೆಟ್ಟಿನ ಮೇಲೆ ಚೆಕ್ಕಿಟ್ಟು ಅವರು ಬರೆಯುತ್ತಿದ್ದರೆ, ವಸಂತಮ್ಮ ಪಕ್ಕದಲ್ಲಿ ನಿಂತು ಒಂದೊಂದೇ ಅಕ್ಷರ ಹೇಳುತ್ತ ಹೋದಳು.